ಹಕ್ಕಿ ಏಳುವ ಮೊದಲು ಬಲೆ ಏಳಲಿ

ಬಸವಾಪಟ್ಟಣದಿಂದ,

ಸೂಳೆಕೆರೆಯ ದಂಡೆಯಲ್ಲಿ, ಹೊನ್ನಾಳಿ–ನ್ಯಾಮತಿಯ ಹೊಳೆಸಾಲಿನಲ್ಲಿ, ಚನ್ನಗಿರಿ–ಜಗಳೂರು ಸೀಮೆಯ ಕೆರೆಕಟ್ಟೆಗಳಲ್ಲಿ ಬಲೆ ಬಿಟ್ಟು ಬದುಕುವ ಎಲ್ಲರಿಗೂ,

ಅಣ್ಣಂದಿರೇ, ಚಾಚಾಗಳೇ, ಸಂತೆಯಲ್ಲಿ ಮೀನಿನ ಬುಟ್ಟಿ ಮುಂದಿಟ್ಟು ಕೂರುವ ಅಕ್ಕಂದಿರೇ,

ಸುತ್ತಿ ಬಳಸದೆ ಹೇಳುತ್ತೇನೆ. ಸಂಜೆ ಬಿಟ್ಟು ಬೆಳಗ್ಗೆ ಎತ್ತುವ ತಂಗೂಸಿ ಬಲೆಗಳಲ್ಲಿ ಮೀನಿನ ಜೊತೆ ಹಕ್ಕಿಗಳೂ ಸಿಕ್ಕಿ ಸಾಯುತ್ತಿವೆ. ನೀರುಕಾಗೆ, ಹಾವಕ್ಕಿ, ಗುಳುಮುಳುಕ, ಒಮ್ಮೊಮ್ಮೆ ನಾಮದಕೋಳಿ. ನಿಮಗಿದು ಹೊಸ ಸುದ್ದಿಯಲ್ಲ. ಅವನ್ನು ಬಲೆಯಿಂದ ಬಿಡಿಸಿ ಎಸೆಯುವವರು ನೀವೇ. ಬಿಡಿಸುವಾಗ ಬಲೆ ಹರಿಯುತ್ತದೆ, ಹೊತ್ತು ಹೋಗುತ್ತದೆ, ಇನ್ನೂ ಜೀವವಿದ್ದರೆ ಕೊಕ್ಕಿನ ತಿವಿತವನ್ನೂ ತಿನ್ನಬೇಕು. ಹಕ್ಕಿ ಬಲೆಗೆ ಬಿದ್ದ ದಿನ ನಿಮಗೂ ನಷ್ಟವೇ. ಮೀನು ಹಿಡಿಯುವುದನ್ನು ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ, ಆ ಆಸೆಯೂ ಇಲ್ಲ. ಬಲೆ ನೀರಿನಲ್ಲಿರುವ ಹೊತ್ತನ್ನು ತುಸು ಬದಲಿಸಿ, ಹರಿದ ತುಂಡುಗಳನ್ನು ಕೆರೆಯಲ್ಲಿ ಬಿಡಬೇಡಿ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ಈ ಮಾತು ನಿಮ್ಮನ್ನು ದಾಟಿ ಹೋಗಬೇಕಾದದ್ದು. ಕೆರೆಯನ್ನು ಹರಾಜಿಗಿಡುವವರು, ಹರಾಜು ಕೂಗುವವರು, ದಾವಣಗೆರೆಯ ಮಾರುಕಟ್ಟೆಗೆ ಮೀನು ತುಂಬಿ ಕಳಿಸುವವರು, ಭಾನುವಾರ ಚೀಲ ಹಿಡಿದು ಬರುವ ನನ್ನಂಥ ಗಿರಾಕಿಗಳು ಎಲ್ಲರಿಗೂ ಇದರಲ್ಲಿ ಪಾಲಿದೆ. ಬಲೆ ಕಣ್ಣಿಗೆ ಕಾಣುವುದರಿಂದ ಬೆರಳು ನಿಮ್ಮ ಕಡೆಗೇ ತಿರುಗುತ್ತದೆ. ಹಕ್ಕಿ ನೋಡಲು ಕಾರಿನಲ್ಲಿ ಬಂದು, ತೆಪ್ಪದಲ್ಲಿರುವವರನ್ನು ಕಳ್ಳರಂತೆ ನೋಡಿ ಹೋಗುವವರ ಮೇಲೆ ನನಗೆ ಸಿಟ್ಟಿದೆ. ಈ ಪತ್ರ ಅವರ ಪರವಾಗಿ ಬರೆದದ್ದಲ್ಲ.

ಸೂಳೆಕೆರೆ ಎಂಥ ನೀರು ಎಂದು ನಿಮಗೆ ನಾನು ಹೇಳಬೇಕಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ, ಹಳ್ಳದ ನೀರನ್ನು ಶತಮಾನಗಳ ಹಿಂದೆಯೇ ನಿಲ್ಲಿಸಿದ್ದು. ಹರವು ಸುಮಾರು 6,500 ಎಕರೆ ಎನ್ನುತ್ತಾರೆ. ಸಿದ್ಧನಾಲೆ, ಬಸವನಾಲೆಗಳ ಕೆಳಗೆ ಭತ್ತ, ಅಡಿಕೆ, ತೆಂಗು ಬೆಳೆಯುತ್ತವೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದಲೇ ನೀರು ಹೋಗಿದೆ. ಇಷ್ಟು ದೊಡ್ಡ ನೀರಿನಲ್ಲಿ ಮೀನು ಹಿಡಿಯುವವರು ಎರಡು ಪಂಗಡ: ಒಂದು ನೀವು, ಇನ್ನೊಂದು ಹಕ್ಕಿಗಳು. ನವೆಂಬರ್ ಹೊತ್ತಿಗೆ ಉತ್ತರದ ಬಾತುಗಳು ಬಂದು ಸೇರುತ್ತವೆ. ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಮಿಂಚುಳ್ಳಿ, ರೀವಗಳು ವರ್ಷವಿಡೀ ಕಾಣುವಂಥವು. ಏರಿ ಕಟ್ಟಿದವರ ಕಾಲದಿಂದಲೂ ಈ ಎರಡು ಪಂಗಡಗಳೂ ಇಲ್ಲೇ ಉಂಡಿವೆ. ಹಾಗಾದರೆ ಈಗ ಬದಲಾದದ್ದೇನು?

ಬದಲಾದದ್ದು ದಾರ. ನಿಮ್ಮ ಅಜ್ಜಂದಿರ ಬಲೆ ಹತ್ತಿ ನೂಲಿನದು, ಸೆಣಬಿನದು. ತೊಗಟೆಯ ಒಗರಿನಲ್ಲಿ ಅದ್ದಿ ಬಣ್ಣ ಏರಿಸುತ್ತಿದ್ದರು. ದಿನವೂ ಎತ್ತಿ ಒಣಗಿಸದಿದ್ದರೆ ಆ ಬಲೆ ಕೊಳೆಯುತ್ತಿತ್ತು. ಹಾಗಾಗಿ ಬಲೆಯನ್ನು ನೀರಿನಲ್ಲಿ ಬಿಟ್ಟು ಮರೆಯುವ ಮಾತೇ ಇರಲಿಲ್ಲ. ದಾರ ದಪ್ಪಗಿತ್ತು, ನೀರಿನಡಿಯಲ್ಲೂ ಮಾಸಲಾಗಿ ಕಾಣುತ್ತಿತ್ತು. ಒಂದು ತುಂಡು ಕಳೆದುಹೋದರೆ ಕೆಲವು ತಿಂಗಳಲ್ಲಿ ಮಣ್ಣಾಗುತ್ತಿತ್ತು. 1950–60ರ ದಶಕಗಳಲ್ಲಿ ನೈಲಾನ್ ನಮ್ಮ ದೇಶದ ಮೀನುಗಾರಿಕೆಗೆ ಕಾಲಿಟ್ಟಿತು. ಆಮೇಲೆ ತೆಳುವಾದ, ಗಾಜಿನಂಥ ಒಂಟಿ ಎಳೆಯ ತಂಗೂಸಿ ಬಂತು. ಹಗುರ, ಅಗ್ಗ, ಕೊಳೆಯುವುದಿಲ್ಲ, ಮೀನಿನ ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಅದು ವರವಾಯಿತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೀನಿಗೆ ಕಾಣದ ದಾರ ಹಕ್ಕಿಗೂ ಕಾಣುವುದಿಲ್ಲ.

ನೀರುಕಾಗೆ ಮತ್ತು ಹಾವಕ್ಕಿ ಬೇಟೆಯಾಡುವುದು ನೀರಿನ ಒಳಗೆ. ಅವುಗಳ ಗರಿ ನೀರು ಹೀರಿ ಭಾರವಾಗುತ್ತದೆ. ಮುಳುಗಲು ಅದೇ ಅನುಕೂಲ, ಆಮೇಲೆ ಬಿಸಿಲಿಗೆ ರೆಕ್ಕೆ ಹರಡಿ ಕೂರುವುದೂ ಅದಕ್ಕೇ. ಬಲೆಯಲ್ಲಿ ಕಿವಿರು ಸಿಕ್ಕಿ ಒದ್ದಾಡುವ ಮೀನು ಅವಕ್ಕೆ ದೂರದಿಂದಲೇ ಮಿನುಗಿ ಕಾಣುತ್ತದೆ. ಓಡಿ ತಪ್ಪಿಸಿಕೊಳ್ಳಲಾರದ ಮೀನು, ಸುಲಭದ ಊಟ. ಒಂದೇ ಉಸಿರಿನಲ್ಲಿ ಅದರತ್ತ ನುಗ್ಗುತ್ತವೆ. ಕೊರಳೋ ರೆಕ್ಕೆಯೋ ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಹಿಂದಕ್ಕೆ ಎಳೆದಷ್ಟೂ ಸುತ್ತು ಬಿಗಿಯುತ್ತದೆ. ಆ ಉಸಿರು ಮುಗಿಯಲು ಹೆಚ್ಚು ಹೊತ್ತು ಬೇಕಿಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಒಂದು ಕೆರೆಯ ಏರಿಯ ಮೇಲೆ ಬಿದ್ದಿದ್ದ ಹಾವಕ್ಕಿಯನ್ನು ಎತ್ತಿ ನೋಡಿದೆ. ರೆಕ್ಕೆಯ ಬುಡದಲ್ಲಿ ದಾರ ಚರ್ಮದೊಳಕ್ಕೆ ಇಳಿದಿತ್ತು. ಯಾರ ಬಲೆ ಎಂದು ಕೇಳಲು ಹೋಗಲಿಲ್ಲ. ಯಾರದಾದರೂ ಆಗಿರಬಹುದಿತ್ತು.

ಇದು ನಮ್ಮ ಕೆರೆಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಸಮುದ್ರದಲ್ಲಿ ಇದೇ ಸಂಗತಿ ಬಲು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ನೀವು ಬಿಡುವಂಥ ಕಿವಿರು ಬಲೆಗಳಿಗೆ ಸಿಕ್ಕಿ ಜಗತ್ತಿನಲ್ಲಿ ವರ್ಷಕ್ಕೆ ಕನಿಷ್ಠ 4 ಲಕ್ಷ ಕಡಲಹಕ್ಕಿಗಳು ಸಾಯುತ್ತವೆ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಮೈಲುಗಟ್ಟಲೆ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಬಿಡುವ ಹಡಗುಗಳಿವೆ. ಅವುಗಳ ಗಾಳಕ್ಕೆ ವರ್ಷಕ್ಕೆ ಕನಿಷ್ಠ 1 ಲಕ್ಷ 60 ಸಾವಿರ ಹಕ್ಕಿಗಳು ಬಲಿ ಎಂದು 2011ರ ಇನ್ನೊಂದು ಲೆಕ್ಕ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಇದೆ. ಅದರಲ್ಲಿ ಒಂದು ಜಾತಿಯ ರೆಕ್ಕೆ ಹರಡಿದರೆ ತುದಿಯಿಂದ ತುದಿಗೆ ಹನ್ನೊಂದು ಅಡಿಯವರೆಗೂ ಬರುತ್ತದೆ. ಗಾಳಕ್ಕೆ ಸಿಕ್ಕಿಸಿದ ಮೀನಿನ ಚೂರನ್ನು ನುಂಗಿ, ಹಗ್ಗದ ಜೊತೆ ನೀರಿನಾಳಕ್ಕೆ ಎಳೆಯಲ್ಪಟ್ಟು ಅದು ಸಾಯುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ, ಕೆಲವು ಜಾತಿಗಳಲ್ಲಿ ಎರಡು ವರ್ಷಕ್ಕೊಂದು. ಇಷ್ಟು ನಿಧಾನ ಮರಿ ಮಾಡುವ ಹಕ್ಕಿ ಇಂಥ ಸಾವನ್ನು ಎಷ್ಟು ಕಾಲ ತಾಳೀತು? ತೆರೆದ ಸಾಗರದಲ್ಲಿ ಮೈಲುದ್ದದ ತೇಲುಬಲೆಗಳು ಮಾಡುತ್ತಿದ್ದ ಹಾನಿ ನೋಡಿಯೇ ವಿಶ್ವಸಂಸ್ಥೆ 1991ರಲ್ಲಿ ನಿರ್ಣಯ ಮಾಡಿ, 1992ರ ಕೊನೆಯಿಂದ ಅವನ್ನು ನಿಲ್ಲಿಸುವಂತೆ ಹೇಳಿತು.

ಆದರೆ ಈ ಸಾವನ್ನು ತಡೆದ ಕಡೆಗಳೂ ಇವೆ. ತಡೆದವರು ಮೀನುಗಾರರೇ ಎಂಬುದಕ್ಕಾಗಿ ಅಂಥ ಎರಡು ಕಡೆಗಳ ವಿಷಯ ನಿಮಗೆ ಹೇಳಲೇಬೇಕು.

ಮೊದಲನೆಯದು ಆಫ್ರಿಕಾದ ನಮೀಬಿಯಾ. ಅಲ್ಲಿನ ಗಾಳದ ಹಡಗುಗಳು 2009ರಲ್ಲಿ ಸುಮಾರು 22 ಸಾವಿರ ಹಕ್ಕಿಗಳನ್ನು ಕೊಂದಿದ್ದವು ಎಂದು ಅಂದಾಜು. 2018ರ ಹೊತ್ತಿಗೆ ಅದು 215ಕ್ಕೆ ಇಳಿದಿತ್ತು. ಮಾಡಿದ್ದೇನು? ಹಡಗಿನ ಹಿಂಬದಿಗೆ ಬಣ್ಣದ ಪಟ್ಟಿಗಳನ್ನು ಇಳಿಬಿಟ್ಟ ಒಂದು ಹಗ್ಗ ಕಟ್ಟಿದರು. ಗಾಳಿಗೆ ಪಟಪಟ ಎನ್ನುವ ಆ ಪಟ್ಟಿಗಳಿಗೆ ಬೆದರಿ ಹಕ್ಕಿಗಳು ಗಾಳದ ಹತ್ತಿರ ಸುಳಿಯುವುದಿಲ್ಲ. ಗದ್ದೆಗೆ ಗಿಳಿ ಬಾರದಂತೆ ನಾವು ಟೇಪು ಕಟ್ಟುತ್ತೇವಲ್ಲ, ಅದೇ ಉಪಾಯ. ಆ ಹಗ್ಗಗಳನ್ನು ಹೆಣೆದು ಕೊಟ್ಟವರು ವಾಲ್ವಿಸ್ ಬೇ ಎಂಬ ಬಂದರಿನ ಹೆಂಗಸರ ಒಂದು ಗುಂಪು. ಅವರಿಗೆ ಸಂಪಾದನೆಯೂ ಆಯಿತು. 2015ರಲ್ಲಿ ಸರ್ಕಾರ ಅದನ್ನು ಕಡ್ಡಾಯ ಮಾಡಿತು.

ಎರಡನೆಯದು ನಿಮ್ಮ ಬಲೆಗೆ ಹೆಚ್ಚು ಹತ್ತಿರದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಕೊಲ್ಲಿಯಲ್ಲಿ ಸಾಮನ್ ಮೀನಿಗೆ ತಂಗೂಸಿ ಬಲೆ ಬಿಡುತ್ತಾರೆ. ಮುಳುಗಿ ಬೇಟೆಯಾಡುವ ಹಕ್ಕಿಗಳು ಅಲ್ಲೂ ಸಿಕ್ಕಿ ಸಾಯುತ್ತಿದ್ದವು. 1990ರ ದಶಕದಲ್ಲಿ ಅಲ್ಲಿನ ಸಂಶೋಧಕರು ಮೀನುಗಾರರ ದೋಣಿಗಳಲ್ಲೇ ಪ್ರಯೋಗ ಮಾಡಿದರು. ಬಲೆಯ ಮೇಲಂಚಿನ ಒಂದಷ್ಟು ಸಾಲು ಕಣ್ಣುಗಳನ್ನು ತಂಗೂಸಿಯ ಬದಲು ಕಣ್ಣಿಗೆ ಕಾಣುವ ದಪ್ಪ ಬಿಳಿ ದಾರದಲ್ಲಿ ಹೆಣೆದರು. ಬೆಳಗಿನ ಜಾವದ ಹೊತ್ತು ಬಲೆ ಬಿಡುವುದನ್ನು ಕೈಬಿಟ್ಟರು. ಇಂಥ ಕ್ರಮಗಳೆಲ್ಲ ಸೇರಿದರೆ ಹಕ್ಕಿಗಳ ಸಾವು ಶೇ 70ರಷ್ಟು ಕಡಿಮೆಯಾಗಬಹುದು, ಬಲೆಗೆ ಬೀಳುವ ಮೀನು ಅಷ್ಟೇನೂ ಇಳಿಯದು ಎಂಬುದು ಅವರ ತೀರ್ಮಾನ. ಎಲ್ಲ ಕಡೆಯೂ ಹೀಗೇ ಆಯಿತು ಎಂದರೆ ಸುಳ್ಳಾಗುತ್ತದೆ. ಬಾಲ್ಟಿಕ್ ಸಮುದ್ರದಲ್ಲಿ ಬಲೆಗೆ ಕಪ್ಪು-ಬಿಳುಪಿನ ಪಟ್ಟಿ ಕಟ್ಟಿ ನೋಡಿದಾಗ ಬಾತುಗಳ ಸಾವು ತಗ್ಗಲಿಲ್ಲ. ಆದ್ದರಿಂದ ದಾರದ ಬಣ್ಣಕ್ಕಿಂತ ಹೊತ್ತಿನ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಹೊತ್ತಿನ ಲೆಕ್ಕ ಸರಳವಾಗಿದೆ. ನೀರುಕಾಗೆ, ಹಾವಕ್ಕಿ, ಗುಳುಮುಳುಕ ಮೂರೂ ಹಗಲಿನಲ್ಲಿ ಮುಳುಗುವ ಹಕ್ಕಿಗಳು. ಕತ್ತಲಾದ ಮೇಲೆ ಅವು ಮರದ ಮೇಲೋ ಜೊಂಡಿನ ನಡುವೆಯೋ ಇರುತ್ತವೆ. ಬಲೆಗೆ ಮೀನು ಬೀಳುವುದು ಹೆಚ್ಚಾಗಿ ರಾತ್ರಿ. ಹಕ್ಕಿಯೂ ಬಲೆಯೂ ಸಂಧಿಸುವುದು ನಸುಕಿನಲ್ಲಿ: ಬೆಳಕು ಹರಿದು ಹಕ್ಕಿ ಹಸಿದು ನೀರಿಗಿಳಿದಿರುತ್ತದೆ, ಮೀನು ತುಂಬಿದ ಬಲೆ ಇನ್ನೂ ನೀರಿನಲ್ಲೇ ಇರುತ್ತದೆ. ಆ ಒಂದೆರಡು ಗಂಟೆಯನ್ನು ತಪ್ಪಿಸಿದರೆ ಬಹುಪಾಲು ಸಾವು ತಪ್ಪಬಹುದು. ಕತ್ತಲಾದ ಮೇಲೆ ಬಿಡಿ, ಬೆಳಕು ಹರಿಯುವ ಮೊದಲೇ ಎತ್ತಿ. ಚಳಿಯಲ್ಲಿ, ಮಂಜಿನಲ್ಲಿ, ಕತ್ತಲೆಯಲ್ಲಿ ತೆಪ್ಪ ಹಾಕುವುದು ಎಷ್ಟು ಕಷ್ಟ ಎಂದು ಗೊತ್ತಿದೆ. ಸುಲಭದ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಬೇಗ ಎತ್ತಿದ ಮೀನು ಹೆಚ್ಚು ತಾಜಾ ಇರುತ್ತದೆ, ಬಿಸಿಲೇರುವ ಮೊದಲೇ ಮಾರುಕಟ್ಟೆ ಸೇರುತ್ತದೆ, ನೀರುಕಾಗೆ ಕಚ್ಚಿ ಕೆಡಿಸಿದ ಮೀನು ಕಡಿಮೆಯಾಗುತ್ತದೆ. ಹಗಲಿನಲ್ಲಿ ಹಿಡಿಯಲೇಬೇಕಾದರೆ ಬೀಸುಬಲೆಯಿದೆ. ಕೈಯಲ್ಲಿರುವ ಬಲೆಗೆ ಹಕ್ಕಿ ಬೀಳುವುದಿಲ್ಲ.

ಇನ್ನು ಹರಿದ ಬಲೆಯ ವಿಷಯ. ಬೇರಿಗೋ ಮುಳುಗಿದ ಕೊರಡಿಗೋ ಸಿಕ್ಕಿಕೊಂಡ ತುಂಡನ್ನು ಕೊಯ್ದು ಬಿಡುತ್ತೀರಿ. ಅದು ಅಲ್ಲೇ ಉಳಿದು ವರ್ಷಗಟ್ಟಲೆ ತನ್ನ ಪಾಡಿಗೆ ತಾನು ಮೀನು ಹಿಡಿಯುತ್ತಲೇ ಇರುತ್ತದೆ. ಆ ಮೀನು ನಿಮಗೂ ಸಿಗುವುದಿಲ್ಲ. ಅದು ಕೊಳೆಯುತ್ತದೆ, ಅದನ್ನು ತಿನ್ನಲು ಬಂದ ಆಮೆ, ನೀರುಹಾವು, ಹಕ್ಕಿ ಸಿಕ್ಕಿಬೀಳುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯ ಜಾಲಿಗಳಲ್ಲಿ ತೂಗಾಡುವ ತಂಗೂಸಿಯನ್ನು ನೀವೂ ನೋಡಿರುತ್ತೀರಿ. ಗೂಡಿಗೆ ಕಡ್ಡಿ ಹುಡುಕುವ ಹಕ್ಕಿ ಈ ದಾರವನ್ನೂ ಎತ್ತಿಕೊಂಡು ಹೋಗುತ್ತದೆ, ಮರಿಯ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ. ಹೀಗಾಗಿ ನೀರು ಇಳಿಯುವ ಏಪ್ರಿಲ್–ಮೇ ತಿಂಗಳಲ್ಲಿ ಒಂದು ದಿನ ಎಲ್ಲರೂ ಸೇರಿ ದಂಡೆಯ ತಂಗೂಸಿ ಆಯೋಣ. ಊರಿನ ಹುಡುಗರನ್ನು ಸೇರಿಸುವ ಹೊಣೆ ನನ್ನದು.

ಈಗ ನಿಮ್ಮ ತಕರಾರಿಗೆ ಬರುತ್ತೇನೆ, ಅದು ನಿಜವಾದ ತಕರಾರು. ನೀರುಕಾಗೆ ಬಿತ್ತನೆ ಮರಿಗಳನ್ನು ತಿಂದು ಹಾಕುತ್ತದೆ, ನಾವು ದುಡ್ಡು ಕೊಟ್ಟು ತಂದು ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಹಕ್ಕಿ ಹೊಟ್ಟೆ ಸೇರಿದರೆ ನಮ್ಮ ಹೊಟ್ಟೆಗೇನು ಎಂದು ನೀವು ಕೇಳುತ್ತೀರಿ. ತಿನ್ನುತ್ತದೆ, ಹೌದು. ಬಿಟ್ಟ ಮೊದಲ ವಾರಗಳಲ್ಲಿ ಮರಿ ದಂಡೆಯ ತಿಳಿನೀರಿನಲ್ಲಿ ಗುಂಪಾಗಿ ಇರುವಾಗ ಹೆಚ್ಚೇ ತಿನ್ನುತ್ತದೆ. ಅದಕ್ಕೆ ಮದ್ದು ಬಿತ್ತನೆಯ ಗಾತ್ರದಲ್ಲಿದೆ. ರೆಪ್ಪೆಗೂದಲಿನಷ್ಟು ಉದ್ದದ ಮರಿಗಳನ್ನು ಲಕ್ಷಗಟ್ಟಲೆ ಸುರಿದರೆ ಹಕ್ಕಿಯೊಂದೇ ಏಕೆ, ಕೊರವ ಮೀನು, ಬಾಳೆ ಮೀನು, ಕಪ್ಪೆ, ನೀರುಹಾವು ಎಲ್ಲವೂ ಹಬ್ಬ ಮಾಡುತ್ತವೆ. ನಾಲ್ಕು ಇಂಚಿಗೆ ಬೆಳೆಸಿದ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಬಿಟ್ಟರೂ ಉಳಿಯುವುದು ಹೆಚ್ಚು. ದೊಡ್ಡ ನೀರಿಗೆ ಬಲಿತ ಮರಿಯೇ ಬೇಕು ಎಂಬುದನ್ನು ಮೀನುಗಾರಿಕೆ ತಜ್ಞರು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಕೆರೆಯ ಅಂಚಿನಲ್ಲಿ ಬಲೆ ಕಟ್ಟಿದ ಸಣ್ಣ ಆವರಣ ಮಾಡಿ, ಮೇಲೆ ದಪ್ಪ ದಾರ ಹರಡಿ, ಮರಿಗಳನ್ನು ಅಲ್ಲಿ ಎರಡು ತಿಂಗಳು ಸಾಕಿ ಆಮೇಲೆ ಕೆರೆಗೆ ಬಿಡಬಹುದು.

ಹಕ್ಕಿಯ ಇನ್ನೊಂದು ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜಿಲೇಬಿ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ, ಆಫ್ರಿಕಾ ಮೂಲದ್ದು. ಒಂದೇ ವರ್ಷದಲ್ಲಿ ಹಲವು ಸಲ ಮರಿ ಹಾಕಿ ಕೆರೆ ತುಂಬಿಬಿಡುತ್ತದೆ, ಕಾಟ್ಲಾ–ರೋಹುಗಳ ಪಾಲನ್ನು ತಿನ್ನುತ್ತದೆ. ಆ ಜಿಲೇಬಿ ಮರಿಗಳನ್ನು ನೀರುಕಾಗೆ ತಿನ್ನುವುದನ್ನು ನೀವು ಕಳವು ಎಂದು ಬರೆದಿಡುತ್ತೀರಾ? ಬಾತುಕೋಳಿ ಸಾಕಿ ಅದರ ಹಿಕ್ಕೆಯಿಂದ ಮೀನು ಬೆಳೆಸುವ ಪದ್ಧತಿಯನ್ನು ಮೀನುಗಾರಿಕೆಯವರೇ ಕಲಿಸಿಕೊಡುತ್ತಾರೆ. ಹಿಕ್ಕೆಯಿಂದ ನೀರಿಗೆ ಸಾರ ಬರುತ್ತದೆ, ಕಣ್ಣಿಗೆ ಕಾಣದ ಹಸಿರು ಬೆಳೆಯುತ್ತದೆ, ಅದನ್ನು ತಿಂದು ಬೆಳೆಯುವ ಸೂಕ್ಷ್ಮ ಜೀವಿಗಳೇ ಕಾಟ್ಲಾದ ಊಟ. ಚಳಿಗಾಲದಲ್ಲಿ ಬಂದಿಳಿಯುವ ಕಾಡುಬಾತುಗಳು ಇದೇ ಗೊಬ್ಬರದ ಕೆಲಸವನ್ನು ಕೂಲಿಯಿಲ್ಲದೆ ಮಾಡಿ ಹೋಗುತ್ತವೆ. ಅವುಗಳ ಮೇಲೆ ಪಟಾಕಿ ಹೊಡೆಯುವುದು ನಮಗೇ ನಷ್ಟ.

ಪಾಲಿನ ಮಾತು ಬಂದಿದ್ದರಿಂದ ಇನ್ನೊಂದು ಲೆಕ್ಕ ಹೇಳುತ್ತೇನೆ. 2011ರಲ್ಲಿ ವಿಜ್ಞಾನಿಗಳು ಜಗತ್ತಿನ ಏಳು ಕಡಲಪ್ರದೇಶಗಳಲ್ಲಿ 14 ಜಾತಿಯ ಹಕ್ಕಿಗಳ ಹಲವು ದಶಕಗಳ ದಾಖಲೆ ಕೂಡಿಸಿ ನೋಡಿದರು. ಸಣ್ಣ ಮೀನಿನ ಪ್ರಮಾಣ, ಅದು ಅತಿ ಹೆಚ್ಚು ಇದ್ದಾಗಿನ ಮೂರರಲ್ಲಿ ಒಂದು ಭಾಗಕ್ಕಿಂತ ಕೆಳಗಿಳಿದರೆ ಹಕ್ಕಿಗಳು ಮರಿ ಮಾಡಿ ಬೆಳೆಸುವುದು ಕುಗ್ಗುತ್ತದೆ ಎಂಬುದು ಸಿಕ್ಕ ಉತ್ತರ. ಕಡಲಿಗೂ ಕೆರೆಗೂ ಲೆಕ್ಕ ಹಾಗೆಯೇ ಹೊಂದುತ್ತದೆ ಎನ್ನುವುದು ನನ್ನ ವಾದವಲ್ಲ. ಆದರೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಎಳೆದು ಗಿರ್ಲು, ಪಕ್ಕೆ, ಸೀಗಡಿಯನ್ನೆಲ್ಲ ಬಾಚಿದರೆ ಹಕ್ಕಿಗೂ ಉಳಿಯದು, ನಾಳಿನ ಬಲೆಗೂ ಉಳಿಯದು.

ಇಲ್ಲಿಂದ ಮುಂದಿನ ಮಾತು ಹರಾಜು ಮಾಡುವವರಿಗೆ. ಗುತ್ತಿಗೆಯ ಮೊತ್ತ ಏರಿದಷ್ಟೂ ಬಲೆಯ ಕಣ್ಣು ಸಣ್ಣದಾಗುತ್ತದೆ. ಹೆಚ್ಚು ಕೂಗಿ ಕೆರೆ ಹಿಡಿದವನು ಗುತ್ತಿಗೆ ಮುಗಿಯುವುದರೊಳಗೆ ಹಾಕಿದ ದುಡ್ಡು ಎತ್ತಬೇಕು. ರಾತ್ರಿಯೂ ಹಗಲೂ ಬಲೆ ನೀರಿನಲ್ಲೇ ಇರುತ್ತದೆ. ತೆಪ್ಪ ಹಾಕುವವನಿಗೆ ಸಿಗುವುದು ಕೂಲಿ, ಹಕ್ಕಿ ಸತ್ತರೆ ಕೆಟ್ಟ ಹೆಸರು. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ವಿಷ ಹಾಕುವುದನ್ನು, ಸಿಡಿಮದ್ದು ಹಾಕುವುದನ್ನು ತಡೆಯುತ್ತದೆ. ಹಾಗೆಯೇ ಗುತ್ತಿಗೆಯ ಷರತ್ತುಗಳಲ್ಲಿ ಎರಡು ಸಾಲು ಸೇರಿಸಲು ಏನು ಅಡ್ಡಿ? ಬೆಳಕಿನ ಹೊತ್ತು ಕಿವಿರು ಬಲೆ ನೀರಿನಲ್ಲಿ ಇರಕೂಡದು. ಹಳೆ ಬಲೆ ವಾಪಸು ಕೊಟ್ಟವರಿಗೆ ಹೊಸ ಬಲೆಯಲ್ಲಿ ರಿಯಾಯಿತಿ. ಇದನ್ನು ಕೇಳಬೇಕಾದವರು ಮೀನುಗಾರರ ಸಹಕಾರ ಸಂಘಗಳು. ಸಂಘದ ಲೆಟರ್‌ಹೆಡ್ಡಿನಲ್ಲಿ ಹೋದ ಅರ್ಜಿಗೆ ಇರುವ ತೂಕ ನನ್ನಂಥವನ ಪತ್ರಕ್ಕಿಲ್ಲ.

ಹೊಳೆಸಾಲಿನವರಿಗೆ ಬೇರೆ ಒಂದು ಮಾತು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆ ಬಂದು ನೀರಿಳಿದಾಗ ನಡುಗಡ್ಡೆಗಳು ಏಳುತ್ತವೆ. ಸಾವಿರಾರು ರೀವ ಹಕ್ಕಿಗಳು ಅಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ರೀವ ಕಡಲಕಾಗೆಗಳ ಕುಲದ್ದು; ಆದರೆ ಹೊಳೆಯನ್ನೇ ಮನೆ ಮಾಡಿಕೊಂಡದ್ದು. ನಮ್ಮ ನಾಲೆಗಳಲ್ಲಿ ಹರಿದು ಬರುವುದು ಆ ಹಕ್ಕಿಗಳ ಕಾಲಬುಡದ ನೀರೇ. ಕೂಡಲಿಯಲ್ಲಿ ತುಂಗೆ–ಭದ್ರೆ ಸೇರಿದ ಮೇಲೆ ನ್ಯಾಮತಿ, ಹೊನ್ನಾಳಿಯ ಹೊಳೆಯುದ್ದಕ್ಕೂ ಮರಳು ದಿಬ್ಬಗಳಿದ್ದವು. ಮರಳು ಎತ್ತಿ ಎತ್ತಿ ಈಗ ಎಷ್ಟು ಉಳಿದಿವೆ ಎಂದು ನೀವೇ ಹೇಳಬೇಕು. ರೀವದಂಥ ಹಕ್ಕಿಗಳಿಗೆ ಮೊಟ್ಟೆಯಿಡಲು ಇಂಥ ದಿಬ್ಬವೇ ಬೇಕು. ಜಗತ್ತಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಕಪ್ಪು ಹೊಟ್ಟೆಯ ರೀವಕ್ಕೂ ಅಷ್ಟೇ. ಉಳಿದ ದಿಬ್ಬದ ಮೇಲೆ ಫೆಬ್ರವರಿಯಿಂದ ಮೇವರೆಗೆ ಬಲೆ ಒಣಗಿಸಬೇಡಿ, ಅಡುಗೆ ಒಲೆ ಹೂಡಬೇಡಿ, ನಾಯಿ ಬಿಡಬೇಡಿ. ತಾಯಿಹಕ್ಕಿ ಬೆದರಿ ಎದ್ದರೆ ಸಾಕು, ಸುಡು ಬಿಸಿಲಿಗೆ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಡ; ಅಷ್ಟರಲ್ಲಿ ಕಾಗೆ, ಹದ್ದು ಬಂದಿರುತ್ತವೆ.

ಮೀನು ಹಿಡಿಯುವವರಿಗೂ ಹಕ್ಕಿಗೂ ವೈರವೆಂದು ನಾನು ಒಪ್ಪುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಗಂಟೆಗಟ್ಟಲೆ ಕೂತವರೂ ಹೌದು, ಹಕ್ಕಿಗಳ ಚಿತ್ರ ತೆಗೆದು ಪುಸ್ತಕ ಬರೆದವರೂ ಹೌದು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನಮ್ಮ ಕೆರೆಗಳಂತೆಯೇ ನೀರಾವರಿಗೆ ಕಟ್ಟಿದ ಹಳೆಯ ಕೆರೆ. ಊರವರು ಹಕ್ಕಿಗಳನ್ನು ಕಾದುಕೊಂಡು ಬಂದರು, 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿ ಸೇರಿತು. ಸೂಳೆಕೆರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನೀವು ಮುಂದೆ ನಿಂತರೆ ನಮ್ಮಲ್ಲೂ ಆಗುವ ಕೆಲಸ.

ನನ್ನ ಕಡೆಯಿಂದ ಕೊಡಬಹುದಾದದ್ದು ಇಷ್ಟು. ಈ ನವೆಂಬರಿನಿಂದ ಮಾರ್ಚ್‌ವರೆಗೆ ಬಲೆಯ ಮೇಲಂಚಿಗೆ ಬಿಳಿ ದಾರ ಹೆಣೆದು ನೋಡಲು ಒಪ್ಪುವವರಿಗೆ ದಾರದ ಖರ್ಚು ನನ್ನದು. ಹೆಣೆಯುವ ಕೂಲಿಯನ್ನು ನಮ್ಮೂರಿನ ಹೆಂಗಸರಿಗೇ ಕೊಡೋಣ. ಒಂದಷ್ಟು ಬಲೆ ಹೊಸ ಅಂಚಿನವು, ಒಂದಷ್ಟು ಹಳೆಯವು, ಒಂದಷ್ಟು ಬೆಳಕು ಹರಿಯುವ ಮೊದಲೇ ಎತ್ತುವವು ಎಂದು ಬೇರೆ ಮಾಡಿ, ಯಾವುದರಲ್ಲಿ ಎಷ್ಟು ಕೆಜಿ ಮೀನು, ಎಷ್ಟು ಹಕ್ಕಿ ಎಂದು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೆಸರು ಬರೆಯಬೇಕಿಲ್ಲ. ಸತ್ತ ಹಕ್ಕಿಯ ಲೆಕ್ಕ ಕೊಟ್ಟವರ ಮೇಲೆ ಯಾರೂ ಕೇಸು ಹಾಕಬಾರದು ಎಂಬ ಮಾತನ್ನು ಅಧಿಕಾರಿಗಳಿಂದ ಮೊದಲೇ ಪಡೆಯೋಣ. ಅದು ಸಿಗದಿದ್ದರೆ ನೋಟ್‌ಬುಕ್ ತೆರೆಯುವುದೇ ಬೇಡ. ಮೀನು ಕಡಿಮೆಯಾಯಿತು ಎಂದು ಆ ಪುಸ್ತಕ ಹೇಳಿದರೆ ನನ್ನ ಮಾತು ಬಿಟ್ಟುಬಿಡಿ, ಮತ್ತೆ ಕೇಳಲು ಬರುವುದಿಲ್ಲ. ಈ ಸಲದ ಬಿತ್ತನೆ ಮರಿ ಬರುವ ಮೊದಲು ಸಂಘದ ಸಭೆ ಸೇರುವ ದಿನ ತಿಳಿಸಿ, ನಾನು ಬಂದು ಕೂರುತ್ತೇನೆ.

ನಿಮ್ಮೂರಿನವ,
ಬಸವಾಪಟ್ಟಣ